ಯಾರ ಮುಂದೆ ಕುಳಿತು ಕಲಿಯುವಿರಿ?



ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ಮಸೀದಿಗಳಲ್ಲಿ ಅಸರ್ ನಮಾಝಿನ ಬಳಿಕ ಒಂದು ದೃಶ್ಯ ಕಾಣಸಿಗುತ್ತದೆ. ಇಂಡಿಯಾಗಲಿ, ಸಿಂದಗಿಯಾಗಲಿ, ಮುದ್ದೇಬಿಹಾಳವಾಗಲಿ, ಬಸವನ ಬಾಗೇವಾಡಿಯಾಗಲಿ, ಮಗನ ಅಂಕಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ ತಂದೆಯೊಬ್ಬರು ಕಂಬಕ್ಕೆ ಒರಗಿ ಕಾಯುತ್ತಿರುತ್ತಾರೆ. ಜನರೆಲ್ಲ ಹೊರಟ ಮೇಲೆ ಹತ್ತಿರ ಬಂದು, "ಹಜರತ್, ಇವನಿಗೆ ಮುಂದ ಏನು ಓದಸೋಣು?" ಎಂದು ಕೇಳುತ್ತಾರೆ.

ಇದು ಧರ್ಮಕ್ಕೆ ಸಂಬಂಧಿಸದ ಪ್ರಶ್ನೆ ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವುಝೂವಿನ ಒಂದು ಸಣ್ಣ ಮಸಲೆ ಕೇಳಲು ನಾಲ್ಕು ಮೈಲಿ ನಡೆದು ಬರುವ ನಾವು, ಮಕ್ಕಳ ಬದುಕಿನ ಮೂರು ನಾಲ್ಕು ವರ್ಷಗಳನ್ನು ಎಲ್ಲಿ ವ್ಯಯಿಸಬೇಕೆಂಬುದನ್ನು ಪಾನ್ ಅಂಗಡಿಯ ಮುಂದೆ ನಿಂತು ತೀರ್ಮಾನಿಸುತ್ತೇವೆ. ಆಯುಷ್ಯವನ್ನು ಯಾವುದರಲ್ಲಿ ಕಳೆದೆ, ಕಲಿತದ್ದರಿಂದ ಏನು ಮಾಡಿದೆ ಎಂದು ಪರಲೋಕದಲ್ಲಿ ಪ್ರತಿಯೊಬ್ಬನನ್ನೂ ವಿಚಾರಿಸಲಾಗುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಾಗಿರುವಾಗ ಕಾಲೇಜಿನ ಅರ್ಜಿ ತುಂಬುವ ಕೆಲಸವು ದೀನಿನಿಂದ ಹೊರಗಿನದಾಗುವುದಾದರೂ ಹೇಗೆ?

ಈ ಮಾತನ್ನು ಬರೆಯಲು ನನಗೆ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುವುದೇ ಪ್ರಾಮಾಣಿಕತೆ.

ನಾನು ಕೊಟ್ಟ ಸಲಹೆ

ಕೆಲವು ವರ್ಷಗಳ ಹಿಂದೆ ಇಂಡಿ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹಿರಿಯರು ನನ್ನ ಬಳಿ ಬಂದರು. ಸ್ವಲ್ಪ ಜಮೀನು, ಅದರಲ್ಲಿ ನಿಂಬೆ ಗಿಡಗಳು. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತು ಹೆಸರಾಯಿತು. ಆದರೆ ಮಾರುಕಟ್ಟೆಯ ಬೆಲೆ ಏರಿಳಿಯುವುದು ಬಿಡಲಿಲ್ಲ, ಬೆಳೆದವರ ಕಷ್ಟ ಬೆಳೆದವರಿಗೇ ಗೊತ್ತು. ಅವರ ಮಗ ವಿಜ್ಞಾನದಲ್ಲಿ ಪಿಯುಸಿಯನ್ನು ಕಷ್ಟಪಟ್ಟು ದಾಟಿದ್ದ. ಹುಡುಗನಿಗೆ ಇತಿಹಾಸದ ಪುಸ್ತಕ ಸಿಕ್ಕರೆ ಊಟ ಮರೆಯುತ್ತಿತ್ತು. ವಿಜ್ಞಾನ ತೆಗೆದುಕೊಂಡದ್ದು ಚಿಕ್ಕಪ್ಪನ ಮಕ್ಕಳು ತೆಗೆದುಕೊಂಡಿದ್ದರೆಂಬ ಒಂದೇ ಕಾರಣಕ್ಕೆ. ಇದೆಲ್ಲ ನನಗೆ ತಿಳಿಯದ್ದೇನೂ ಅಲ್ಲ. ನನ್ನ ಮಕ್ತಬಿನಲ್ಲಿ ಕಲಿತ ಹುಡುಗ.

ಅಂದು ನನಗೆ ಒಂದು ನಿಕಾಹ್‌ಗೆ ಹೋಗುವ ಅವಸರವಿತ್ತು. ಚಪ್ಪಲಿ ಮೆಟ್ಟುತ್ತಲೇ, "ಎಲ್ಲಾರೂ ಇಂಜಿನಿಯರಿಂಗ್ ಮಾಡಸ್ತಾರ ಚಾಚಾ, ನೀವೂ ಮಾಡಸರಿ, ಅಲ್ಲಾಹ್ ದಾರಿ ತೋರಸ್ತಾನ" ಎಂದೆ. ಅವರು ನನ್ನ ಮಾತನ್ನು ತಕ್ಕಡಿಯಲ್ಲಿ ತೂಗಿ ನೋಡಲಿಲ್ಲ. ಎಮ್ಮೆಗಳೆರಡನ್ನು ಮಾರಿದರು, ನೆಂಟರಲ್ಲಿ ಸಾಲ ಮಾಡಿದರು, ದೂರದ ಊರಿನಲ್ಲಿ ಸೀಟು ಹಿಡಿದರು. ಹುಡುಗ ಮೂರನೆಯ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಬಿಟ್ಟು ಬಂದ. ಉಳಿದ ವಿಷಯಗಳ ರಾಶಿಯನ್ನು ಕಂಡು ಅವನ ಎದೆ ಒಡೆದಿತ್ತು.

ನಾನು ಅವರನ್ನು ಕಾಣಲು ಹೋದೆ. ಬಯ್ಯುತ್ತಾರೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಅವರು ಚಹಾ ತರಿಸಿ, "ನೀವು ಒಳ್ಳೇದಕ್ಕ ಹೇಳಿದ್ರಿ ಹಜರತ್" ಎಂದಷ್ಟೇ ಅಂದರು. ಬೈಗುಳವಾಗಿದ್ದರೆ ಒಂದು ದಿನಕ್ಕೆ ಮರೆಯುತ್ತಿದ್ದೆನೇನೋ. ಈ ಮಾತು ಇಂದಿಗೂ ಸಜ್ದಾದಲ್ಲಿ ನೆನಪಾಗುತ್ತದೆ.

ಯಾರಲ್ಲಿ ಸಲಹೆ ಕೇಳಲಾಗುತ್ತದೋ ಅವನು ಅಮಾನತ್ತನ್ನು ಹೊತ್ತವನು ಎಂದು ಅಲ್ಲಾಹನ ಸಂದೇಶವಾಹಕರು(ಸ) ಕಲಿಸಿದ್ದಾರೆ. ಆ ಹದೀಸನ್ನು ನಾನು ಹಲವು ಬಾರಿ ಪಾಠ ಮಾಡಿದ್ದೆ. ಅಮಾನತ್ತೆಂದರೆ ಬೇರೆಯವರ ಹಣದ ಗಂಟು ಮಾತ್ರವೆಂದು ನನ್ನ ಮನಸ್ಸು ತಿಳಿದಿತ್ತು. ಒಂದು ಹುಡುಗನ ಮೂರು ಸೆಮಿಸ್ಟರ್, ಎರಡು ಎಮ್ಮೆ, ಒಬ್ಬ ತಂದೆಯ ನಂಬಿಕೆ, ಇವೆಲ್ಲವೂ ಅಂದು ನನ್ನ ಕೈಯಲ್ಲಿದ್ದ ಅಮಾನತ್ತಾಗಿದ್ದವು. ನಾನು ಅವುಗಳನ್ನು ಚಪ್ಪಲಿ ಮೆಟ್ಟುವಷ್ಟು ಹೊತ್ತೂ ಹಿಡಿದುಕೊಳ್ಳಲಿಲ್ಲ.

ಏನು ಓದಬೇಕು?

ಅರಿವಿಲ್ಲದ್ದರ ಬೆನ್ನು ಹತ್ತಬೇಡಿ, ಕಿವಿ, ಕಣ್ಣು ಮತ್ತು ಹೃದಯಗಳ ಬಗ್ಗೆ ವಿಚಾರಣೆಯಿದೆ ಎಂಬುದು ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ ಬೋಧನೆ. ಕೋರ್ಸ್ ಆರಿಸುವಾಗ ನಾವು ಮಾಡುವ ಮೊದಲನೆಯ ತಪ್ಪು ಇದೇ: ಅರಿಯದೆ ಬೆನ್ನು ಹತ್ತುವುದು. ಪಕ್ಕದ ಮನೆಯವನು ಹೋದನೆಂದು ಇವನೂ ಹೋಗುತ್ತಾನೆ.

ಹಿಜರಿ 505ರಲ್ಲಿ, ಅಂದರೆ ಕ್ರಿ.ಶ. 1111ರಲ್ಲಿ, ತೀರಿಕೊಂಡ ಇಮಾಮ್ ಗಝ್ಝಾಲಿ(ರಹ್) ತಮ್ಮ ಇಹ್ಯಾ ಗ್ರಂಥದಲ್ಲಿ ವೈದ್ಯ ಮತ್ತು ಗಣಿತವನ್ನು ಫರ್ಝ್ ಕಿಫಾಯದ ವಿದ್ಯೆಗಳಲ್ಲಿ ಸೇರಿಸಿದ್ದಾರೆ. ಸಮುದಾಯದಲ್ಲಿ ಕೆಲವರಾದರೂ ಕಲಿಯದಿದ್ದರೆ ಎಲ್ಲರೂ ದೋಷಿಗಳಾಗುವ ವಿದ್ಯೆಗಳವು. ತಮ್ಮ ಕಾಲದ ಕೆಲವು ಪಟ್ಟಣಗಳಲ್ಲಿ ಮುಸ್ಲಿಂ ವೈದ್ಯನೊಬ್ಬನೂ ಇಲ್ಲ, ಆದರೂ ಎಲ್ಲರೂ ಫಿಕ್‌ಹ್ ಕಲಿಯಲು ಮುಗಿಬೀಳುತ್ತಾರೆ, ಏಕೆಂದರೆ ಅದರಲ್ಲಿ ಹುದ್ದೆಗಳಿವೆ ಎಂದು ಅವರು ಮರುಗಿದ್ದಾರೆ. ಇಂದು ಕೋರ್ಸುಗಳ ಹೆಸರು ಬದಲಾಗಿದೆ, ಮುಗಿಬೀಳುವ ರೋಗ ಅದೇ.

ನಮ್ಮ ತಾಲೂಕುಗಳತ್ತ ಕಣ್ಣು ಹಾಯಿಸಿ. ಜಮೀನಿನ ವ್ಯಾಜ್ಯ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವ ನಮ್ಮ ಬಡವರಿಗೆ ಕಾನೂನು ತಿಳಿಸಿ ಹೇಳುವವರು ಬೇಕು. ಹೆರಿಗೆ ವಾರ್ಡಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಧೈರ್ಯ ಹೇಳುವ ದಾದಿಯರು ಬೇಕು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು ಬೇಕು, ಕನ್ನಡ ಕಲಿಸುವವರೂ ಬೇಕು. ಜೋಳ, ತೊಗರಿ, ನಿಂಬೆ, ದ್ರಾಕ್ಷಿ ಬೆಳೆಯುವ ಈ ನೆಲದ ರೋಗ ಬಲ್ಲವರು ಬೇಕು. ವಿಜಯಪುರದ ಹತ್ತಿರ ಹಿಟ್ಟಿನಹಳ್ಳಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ. ಸಿಇಟಿಯ ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ತಲೆಮಾರಿನಿಂದ ಗಿಡಗಳ ನಡುವೆ ಬೆಳೆದ ಎಷ್ಟು ಮನೆಗಳಲ್ಲಿ ಈ ಮಾತು ಚರ್ಚೆಗೆ ಬಂದಿದೆ?

ಪದವಿಗೆ ಸೇರುವವರು ಇನ್ನೊಂದನ್ನು ತಿಳಿದಿರಬೇಕು. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಯನ್ನು ತರಲಾಗಿದೆ. ಆದ್ದರಿಂದ ಆ ನಡುವಿನ ವರ್ಷಗಳಲ್ಲಿ ಓದಿದ ಅಣ್ಣ ಅಕ್ಕಂದಿರು ಪ್ರೀತಿಯಿಂದಲೇ ಹೇಳುವ ವಿವರ ಈಗ ಹೊಂದದಿರಬಹುದು. ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಆಗುವ ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ಕಾಲದ ಮಾವಂದಿರ ಅನುಭವವೂ ಇಂದಿಗೆ ಪೂರ್ತಿ ಹೊಂದದು. ಈ ವರ್ಷದ ವಿಷಯ ಪಟ್ಟಿಯನ್ನು ಕಾಲೇಜಿನ ಕಚೇರಿಯಲ್ಲೇ ಕೇಳಿ ಪಡೆಯಿರಿ. ಮುಂದೆ ಎಂ.ಎ., ಬಿ.ಎಡ್. ಎನ್ನುವಾಗ ಪದವಿಯಲ್ಲಿ ಓದಿದ ವಿಷಯಗಳನ್ನೇ ನೋಡುತ್ತಾರೆ. ಹೋದ ದಿನ ಯಾವ ಗುಂಪಿನಲ್ಲಿ ಜಾಗ ಉಳಿದಿತ್ತೋ ಅದರಲ್ಲಿ ಹೆಸರು ಬರೆಸಿ ಬಂದವರು ಮೂರು ವರ್ಷದ ನಂತರ ಪಶ್ಚಾತ್ತಾಪ ಪಡುವುದನ್ನು ನಾನು ಕಂಡಿದ್ದೇನೆ.

ಮೂಸಾ(ಅ)ರ ಪ್ರಯಾಣ

ವಿಷಯವನ್ನು ಆರಿಸಿದರೆ ಅರ್ಧ ಕೆಲಸವಾಯಿತು. ಇನ್ನರ್ಧ, ಯಾರಿಂದ ಕಲಿಯುವುದು?

ಅಲ್‌ಕಹಫ್ ಅಧ್ಯಾಯವನ್ನು ನಾವು ಜುಮಾದ ದಿನ ಓದುತ್ತೇವೆ. ಅದರಲ್ಲಿ ಪ್ರವಾದಿ ಮೂಸಾ(ಅ)ರ ಪ್ರಯಾಣದ ವೃತ್ತಾಂತವಿದೆ. ಅಲ್ಲಾಹನೊಂದಿಗೆ ಮಾತನಾಡಿದ ಮಹಾನ್ ಪ್ರವಾದಿ ಅವರು. ತಮಗಿಲ್ಲದ ಅರಿವು ಒಬ್ಬ ದಾಸನ ಬಳಿಯಿದೆಯೆಂದು ತಿಳಿದಾಗ, ಎರಡು ಸಮುದ್ರಗಳು ಕೂಡುವಲ್ಲಿಗೆ ತಲುಪುವ ತನಕ ನಡೆಯುತ್ತಲೇ ಇರುವೆನೆಂದು ಹೊರಟರು. ದಾರಿಯಲ್ಲಿ ದಣಿದರು, ಬುತ್ತಿಯ ಮೀನು ಕೈತಪ್ಪಿತು, ಬಂದ ದಾರಿಯಲ್ಲೇ ಹೆಜ್ಜೆ ಹಿಡಿದು ಮರಳಿದರು. ಕೊನೆಗೆ ಖಿಝ್ರ್(ಅ)ರನ್ನು ಕಂಡಾಗ, ನಿಮ್ಮನ್ನು ಹಿಂಬಾಲಿಸಲೇ ಎಂದು ವಿನಯದಿಂದ ಅನುಮತಿ ಕೇಳಿದರು.

ಗಮನಿಸಿ, ಗುರುವನ್ನು ಹುಡುಕಿಕೊಂಡು ಶಿಷ್ಯನೇ ನಡೆದಿದ್ದಾನೆ. ಆ ಗುರುವಾದರೋ ಸುಲಭದವರಲ್ಲ. ನನ್ನೊಡನೆ ನಿಮಗೆ ತಾಳಿಕೊಳ್ಳಲಾಗದು ಎಂದು ಮೊದಲೇ ಎಚ್ಚರಿಸಿದವರು. ನಮ್ಮ ಮಕ್ಕಳು ಇಂದು ಹಿರಿಯ ವಿದ್ಯಾರ್ಥಿಗಳನ್ನು ಏನೆಂದು ಕೇಳುತ್ತಾರೆ? ಯಾವ ಸರ್ ಇಂಟರ್ನಲ್ ಮಾರ್ಕ್ಸ್ ಕೈಬಿಚ್ಚಿ ಕೊಡುತ್ತಾರೆ, ಯಾರ ತರಗತಿಗೆ ಹೋಗದಿದ್ದರೂ ಹಾಜರಿ ಬೀಳುತ್ತದೆ ಎಂದು ತಾನೆ?

ಅನ್ಯರನ್ನು ದೂರುವುದೇಕೆ, ನಾನೂ ಅದನ್ನೇ ಮಾಡಿದವನು. ಮದ್ರಸಾದ ಓದು ಮುಗಿಸಿ, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ, ಪಿಯುಸಿ ದಾಟಿ ಬಿ.ಎ.ಗೆ ಸೇರಿದಾಗ ಕನ್ನಡವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡೆ. ಮೌಲ್ವಿಗೆ ಕನ್ನಡ ಯಾಕೆ ಎಂದು ನಕ್ಕವರಿದ್ದರು. ನನ್ನ ಜನ ಮಾತನಾಡುವ, ಓದುವ ಭಾಷೆಯಲ್ಲಿ ಅವರಿಗೆ ದೀನ್ ತಲುಪಿಸಬೇಕೆಂಬುದು ನನ್ನ ನಿಯ್ಯತ್ ಆಗಿತ್ತು. ಆದರೆ ನಿಯ್ಯತ್ತಿಗೆ ತಕ್ಕ ಧೈರ್ಯ ಇರಲಿಲ್ಲ. ನಮಗೆ ಪಾಠ ಹೇಳುತ್ತಿದ್ದವರಲ್ಲಿ ಒಬ್ಬರು ಲಿಂಗಾಯತ ಗುರುಗಳು. ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಕಂಡಲ್ಲೆಲ್ಲ ಕೆಂಪು ಮಸಿಯಿಂದ ಗೀಟು ಹಾಕುತ್ತಿದ್ದರು. ನನ್ನ ಬರಹದ ಪುಟ ಪೂರ್ತಿ ಕೆಂಪಾಗಿರುತ್ತಿತ್ತು. ಇನ್ನೊಬ್ಬರು ನೋಟ್ಸ್ ಹೇಳಿ ಬರೆಸಿ ಕಳಿಸುತ್ತಿದ್ದರು. ನಾನು ಕೆಂಪು ಮಸಿಯ ಗುರುಗಳ ಕಣ್ಣು ತಪ್ಪಿಸಿ ನೋಟ್ಸಿನ ಕಡೆ ಸರಿದೆ. ವರ್ಷದ ಕೊನೆಗೆ ನನ್ನ ಐಚ್ಛಿಕ ಕನ್ನಡದಲ್ಲೇ ನಾನು ನಪಾಸಾದೆ.

ತಲೆ ತಗ್ಗಿಸಿಕೊಂಡು ಆ ಗುರುಗಳ ಕೋಣೆಗೆ ಹೋದೆ. ಅವರು ಒಂದೇ ಮಾತು ಕೇಳಿದರು: "ಅರಬ್ಬೀ ಓದುವಾಗ ಒಂದು ಅಕ್ಷರ ತಪ್ಪಿದ್ರ ನಿಮ್ಮ ಉಸ್ತಾದರು ಬಿಡ್ತಿದ್ರೇನಪಾ? ಮತ್ತ ಕನ್ನಡಕ್ಕ ಯಾಕ ಬಿಡಬೇಕಂತಿ?"

ಸಹೋದರರೇ, ತಜ್ವೀದಿನ ಪಾಠದಲ್ಲಿ ಹಾ ಅಕ್ಷರ ಗಂಟಲಿನಿಂದ ಸರಿಯಾಗಿ ಬರುವ ತನಕ ನನ್ನನ್ನು ಕೂರಿಸಿಕೊಂಡಿದ್ದ ಉಸ್ತಾದರನ್ನು ನಾನು ಪ್ರತಿ ದುಆದಲ್ಲಿ ನೆನೆಯುತ್ತೇನೆ. ಅದೇ ಕಾಳಜಿ ಇನ್ನೊಂದು ಭಾಷೆಯಲ್ಲಿ, ಇನ್ನೊಂದು ಧರ್ಮದ ವ್ಯಕ್ತಿಯಿಂದ ಬಂದಾಗ ನನಗೆ ಗುರುತು ಸಿಕ್ಕಿರಲಿಲ್ಲ. ಇಂದು ಈ ಪುಟಗಳಲ್ಲಿ ನಾನು ಬರೆಯುವ ಪ್ರತಿ ಸಾಲು ಅವರ ಕೆಂಪು ಮಸಿಯ ಋಣ.

ಮುಸ್ಲಿಮೇತರ ಗುರುವಿನಿಂದ ಕಲಿಯಬಹುದೇ ಎಂದು ಕೆಲವು ತಾಯಂದಿರು ಅಳುಕಿನಿಂದ ಕೇಳುವುದುಂಟು. ಹಿಜರಿ 2ರ ಬದ್ರ್ ಯುದ್ಧದ ಬಳಿಕ, ವಿಮೋಚನಾ ಧನ ಕೊಡಲಾಗದ ಅಕ್ಷರಸ್ಥ ಕೈದಿಗಳಿಗೆ ಅನ್ಸಾರರ ಮಕ್ಕಳಿಗೆ ಬರಹ ಕಲಿಸುವುದನ್ನೇ ವಿಮೋಚನೆಯ ಬೆಲೆಯಾಗಿ ಪ್ರವಾದಿವರ್ಯರು(ಸ) ಗೊತ್ತುಪಡಿಸಿದರು. ನಿನ್ನೆ ತನಕ ಖಡ್ಗ ಹಿಡಿದು ಎದುರು ನಿಂತವರ ಮುಂದೆ ಮದೀನದ ಮಕ್ಕಳನ್ನು ಅಕ್ಷರಕ್ಕಾಗಿ ಕೂರಿಸಲಾಯಿತು. ಇನ್ನು ನಮ್ಮ ಊರಿನಲ್ಲೇ ಹುಟ್ಟಿ, ನಮ್ಮ ಮದುವೆ ಮಯ್ಯತ್ತುಗಳಿಗೆ ಬರುವ ಗುರುಗಳ ಬಗ್ಗೆ ಅಳುಕೇಕೆ? ಆದರೆ ದೀನಿನ ವಿದ್ಯೆಯ ಮಾತು ಬೇರೆ. ಅದನ್ನು ಯಾರಿಂದ ಪಡೆಯುತ್ತೀರೆಂದು ಚೆನ್ನಾಗಿ ನೋಡಿಕೊಳ್ಳಬೇಕೆಂದು ತಾಬಿಈ ವಿದ್ವಾಂಸ ಇಬ್ನು ಸೀರೀನ್(ರಹ್) ಎಚ್ಚರಿಸಿದ್ದಾರೆ. ಕಾಲೇಜಿಗೆ ಹೋಗುವ ಮಕ್ಕಳು ಮೊಬೈಲಿನಲ್ಲಿ ಯಾರೋ ಹೇಳುವ ದೀನಿಗೆ ತೃಪ್ತರಾಗದೆ, ಊರಿನ ಬಲ್ಲ ಆಲಿಮರೊಬ್ಬರ ಬಳಿ ವಾರಕ್ಕೊಮ್ಮೆಯಾದರೂ ಕುಳಿತುಕೊಳ್ಳುವುದು ಅಗತ್ಯ.

ಗುರುವನ್ನು ಗುರುತಿಸುವುದು ಹೇಗೆ?

ಇಮಾಮ್ ಮಾಲಿಕ್(ರಹ್) ಬಾಲಕರಾಗಿದ್ದಾಗ ಅವರ ತಾಯಿ ಉಡುಪು ತೊಡಿಸಿ, ತಲೆಗೆ ರುಮಾಲು ಸುತ್ತಿ, ರಬೀಆ(ರಹ್)ರ ಬಳಿಗೆ ಕಳಿಸಿದರು. ವಿದ್ಯೆಗಿಂತ ಮೊದಲು ಅವರ ನಡತೆಯನ್ನು ಕಲಿತು ಬಾ ಎಂದು ಹೇಳಿದರಂತೆ. ಮಗನಿಗೆ ಗುರುವನ್ನು ಆರಿಸಿದವಳು ತಾಯಿ. ಆಕೆ ನೋಡಿದ್ದು ನಡತೆಯನ್ನು. ಇಮಾಮ್ ಅಬೂ ಹನೀಫಾ(ರಹ್) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ವಿದ್ವಾಂಸರ ಬಳಿ ಕುಳಿತುಕೋ ಎಂದು ಶಅಬೀ(ರಹ್) ಹೇಳಿದ ಮಾತು ಅವರ ಬದುಕನ್ನೇ ತಿರುಗಿಸಿತು. ಬಳಿಕ ಹಮ್ಮಾದ್(ರಹ್) ಎಂಬ ಗುರುವಿನ ಬಳಿ 18 ವರ್ಷ ಕಲಿತರು. ಮುಂದೆ ಅವರೇ ಗುರುವಾದಾಗ, ದುಡಿಮೆಗೆ ಹೋಗೆಂದು ಮನೆಯವರು ಒತ್ತಾಯಿಸುತ್ತಿದ್ದ ಬಡ ಶಿಷ್ಯ ಅಬೂ ಯೂಸುಫ್‌ರಿಗೆ ಹಣ ಕೊಟ್ಟು ಓದಿಸಿದರು. ಆ ಬಡ ಶಿಷ್ಯನೇ ಅಬ್ಬಾಸಿಯ ಆಡಳಿತದ ಮುಖ್ಯ ನ್ಯಾಯಾಧೀಶನಾದದ್ದು.

ನಮ್ಮ ತಾಲೂಕು ಕಾಲೇಜಿನಲ್ಲಿ ಒಂದು ವಿಷಯಕ್ಕೆ ಒಬ್ಬರೇ ಪ್ರಾಧ್ಯಾಪಕರು, ಆರಿಸುವುದೆಲ್ಲಿ ಬಂತು ಎಂದು ನೀವು ಕೇಳಬಹುದು. ಮಾತು ನಿಜ. ಆದ್ದರಿಂದಲೇ ಕಾಲೇಜು ಮತ್ತು ವಿಷಯವನ್ನು ಆರಿಸುವ ಮೊದಲು ಅಲ್ಲಿ ಕಲಿಸುವವರು ಯಾರೆಂದು ವಿಚಾರಿಸಬೇಕು. ಇಂಡಿಯ ಸರಕಾರಿ ಪ್ರಥಮ ದರ್ಜೆ ಕಾಲೇಜಾಗಲಿ, ಸಿಂದಗಿಯ ಜಿ.ಪಿ. ಪೋರವಾಲ ಕಾಲೇಜಾಗಲಿ, ಮುದ್ದೇಬಿಹಾಳದ ಎಂ.ಜಿ.ವಿ.ಸಿ. ಕಾಲೇಜಾಗಲಿ, ಬಾಗೇವಾಡಿಯ ಬಸವೇಶ್ವರ ಕಾಲೇಜಾಗಲಿ, ವಿಜಯಪುರದ ಅಂಜುಮನ್, ಸೆಕ್ಯಾಬ್ ಸಂಸ್ಥೆಗಳಾಗಲಿ, ಹೆಸರು ಕೇಳಿ ಮರುಳಾಗಬೇಡಿ, ಹೆಸರು ಕೇಳಿ ಮೂಗು ಮುರಿಯಲೂ ಬೇಡಿ. ತಂದೆ ಮಗ ಇಬ್ಬರೂ ಒಂದು ದಿನ ಹೋಗಿ ಬನ್ನಿ. ಅಲ್ಲಿನ ಎರಡನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ:

1. ಈ ವಿಷಯಕ್ಕೆ ಕಾಯಂ ಪ್ರಾಧ್ಯಾಪಕರಿದ್ದಾರೆಯೇ, ಅತಿಥಿ ಉಪನ್ಯಾಸಕರೇ? ಅತಿಥಿಗಳಾದರೆ ಹೋದ ವರ್ಷ ಪಾಠ ಯಾವ ತಿಂಗಳಲ್ಲಿ ಶುರುವಾಯಿತು? ಅತಿಥಿ ಉಪನ್ಯಾಸಕರಲ್ಲೂ ಅತ್ಯುತ್ತಮ ಗುರುಗಳಿದ್ದಾರೆ. ತರಗತಿ ಖಾಲಿ ಉಳಿಯುತ್ತದೆಯೇ ಎಂಬುದೇ ಮುಖ್ಯ.

2. ಅವರು ಬರೆದುದನ್ನು ತಿದ್ದಿ ಹಿಂದಿರುಗಿಸುತ್ತಾರೆಯೇ?

3. ತರಗತಿಯ ಹಿಂದಿನ ಬೆಂಚಿನ, ಎಲ್ಲರಿಗಿಂತ ದುರ್ಬಲ ವಿದ್ಯಾರ್ಥಿಯೊಡನೆ ಅವರು ಹೇಗೆ ನಡೆದುಕೊಳ್ಳುತ್ತಾರೆ?

4. ಪಾಠ ಮುಗಿದ ಮೇಲೆ ಅವರ ಕೋಣೆಯ ಬಾಗಿಲು ತಟ್ಟಿದರೆ ತೆರೆಯುತ್ತದೆಯೇ?

ಹೆಣ್ಣುಮಕ್ಕಳ ತಂದೆಯರಿಗೆ ಪ್ರತ್ಯೇಕವಾಗಿ ಒಂದು ಮಾತು. ಮಗನಿಗಾಗಿ ಹತ್ತು ಕಾಲೇಜು ತಿರುಗುವ ನೀವು ಮಗಳಿಗೆ ಬಸ್ ನಿಲ್ದಾಣಕ್ಕೆ ಹತ್ತಿರವಿರುವುದನ್ನು ತೋರಿಸಿ ಸುಮ್ಮನಾಗುತ್ತೀರಿ. ಅವಳ ಒಲವು ಯಾವುದೆಂದು ಕೇಳಿದಿರಾ? 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ಟಿನ ಹಣ ಬೇಕಾಗಿಲ್ಲ. 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ, ಇಂದು ಅಕ್ಕಮಹಾದೇವಿಯ ಹೆಸರಿನದು, ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದೆ. ಸುರಕ್ಷತೆಯ ಚಿಂತೆ ನಿಜವಾದರೆ ಜೊತೆಗಾರ್ತಿಯರನ್ನು ಹುಡುಕಿಕೊಡಿ, ಹಾಸ್ಟೆಲನ್ನು ತಾಯಿಯೊಡನೆ ಹೋಗಿ ನೋಡಿ ಬನ್ನಿ. ಚಿಂತೆಯ ಹೆಸರಿನಲ್ಲಿ ಸೋಮಾರಿತನವನ್ನು ಮುಚ್ಚಿಕೊಳ್ಳಬೇಡಿ. ಅವಳ ವಿದ್ಯೆಯೂ ನಿಮ್ಮ ಕೈಯಲ್ಲಿರುವ ಅಮಾನತ್ತೇ.

ಒಂಟೆ ಕಟ್ಟಿ ಭರವಸೆಯಿಡಿ

ಸಮಾಲೋಚಿಸಿ, ತೀರ್ಮಾನಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಿ ಎಂಬುದು ಆಲಿ ಇಮ್ರಾನ್ ಅಧ್ಯಾಯದ ಕ್ರಮ. ಒಂಟೆಯನ್ನು ಕಟ್ಟಿದ ನಂತರ ಭರವಸೆಯಿಡು ಎಂದು ಪ್ರವಾದಿವರ್ಯರು(ಸ) ಒಬ್ಬ ಗ್ರಾಮೀಣನಿಗೆ ಕಲಿಸಿದರು. ನಾನು ಅಂದು ಒಂಟೆ ಕಟ್ಟದೆ ಭರವಸೆಯ ಮಾತಾಡಿದ್ದೆ.

ಕುರ್‌ಆನಿನ ಅಧ್ಯಾಯ ಕಲಿಸುವಷ್ಟೇ ಕಾಳಜಿಯಿಂದ ಪ್ರವಾದಿವರ್ಯರು(ಸ) ಸಹಾಬಿಗಳಿಗೆ ಎಲ್ಲ ವಿಷಯಗಳಲ್ಲೂ ಇಸ್ತಿಖಾರಾ ಕಲಿಸುತ್ತಿದ್ದರೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ನಮ್ಮಲ್ಲಿ ಇಸ್ತಿಖಾರಾ ಎಂದರೆ ಕನಸು ಕಾಣುವುದೆಂದು, ಅದನ್ನೂ ಹಜರತ್ತರೇ ಕಂಡು ಹೇಳಬೇಕೆಂದು ತಿಳಿದವರಿದ್ದಾರೆ. ಹಾಗಲ್ಲ. ಯಾರ ಬದುಕೋ ಅವರೇ ಎರಡು ರಕಅತ್ ನಮಾಝ್ ಮಾಡಿ, ಇದರಲ್ಲಿ ಒಳಿತಿದ್ದರೆ ಸುಲಭಗೊಳಿಸು, ಕೆಡುಕಿದ್ದರೆ ತಿರುಗಿಸು ಎಂದು ಬೇಡಿಕೊಳ್ಳಬೇಕು. ಹದಿನೆಂಟರ ಹುಡುಗನೂ ಹುಡುಗಿಯೂ ತಾವೇ ಮಾಡಬೇಕಾದ ಪ್ರಾರ್ಥನೆ ಅದು. ಮುಂಚೆ ವಿಚಾರಿಸಿ, ತಿಳಿದವರನ್ನು ಕೇಳಿ, ನಂತರ ಬೇಡಿ ಹೆಜ್ಜೆಯಿಡಿ.

ಹೆಜ್ಜೆಯಿಟ್ಟ ಮೇಲೆ ತಾಳ್ಮೆ ಬೇಕು. ಮೊದಲ ಸೆಮಿಸ್ಟರ್ ಕಠಿಣವೆಂದು ಓಡಬೇಡಿ. ಆದರೆ ದಾರಿ ತಪ್ಪಿದ್ದು ಖಚಿತವಾದರೆ ಮರಳುವುದರಲ್ಲಿ ಅವಮಾನವಿಲ್ಲ. ಮೂಸಾ(ಅ) ಕೂಡ ಮೀನು ಕೈತಪ್ಪಿದಲ್ಲಿಗೆ ಹೆಜ್ಜೆ ಹಿಡಿದು ಮರಳಿದ್ದರು. ಒಂದು ವಿಷಯ ಓದಿದವನಿಗೆ ಇನ್ನೊಂದು ಬಾಗಿಲು ಮುಚ್ಚುವುದೂ ಇಲ್ಲ. 2020ರಲ್ಲಿ ನಿಧನರಾದ ಕೆ.ಎಸ್. ನಿಸಾರ್ ಅಹಮದ್ ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ. ನಾಡು ಅವರನ್ನು ತಲೆಯ ಮೇಲೆ ಹೊತ್ತದ್ದು ಕನ್ನಡದ ಕವಿಯಾಗಿ.

ಹಿಂದಿನ ಬೆಂಚಿನಲ್ಲಿ

ಆ ನಿಂಬೆ ತೋಟದ ಹುಡುಗ ಎರಡು ವರ್ಷ ಮನೆಯಲ್ಲಿದ್ದ. ತಂದೆಯೊಡನೆ ಚೀಲ ತುಂಬಿಸುತ್ತ, ಮಾರುಕಟ್ಟೆಯ ಲೆಕ್ಕ ಬರೆಯುತ್ತ ಇದ್ದ. ಒಂದು ಸಂಜೆ ತಾನಾಗಿ ಬಂದು, "ಹಜರತ್, ಬಿ.ಎ.ಗೆ ಸೇರಲೇನು? ವಯಸ್ಸು ದಾಟೇತಿ ಅಂತಾರ" ಎಂದ. ಈ ಬಾರಿ ನಾನು ಉತ್ತರ ಕೊಡಲಿಲ್ಲ. ನಾಳೆ ಬೆಳಿಗ್ಗೆ ಸಿದ್ಧನಾಗಿರು ಎಂದೆ.

ಮೂವರೂ ಕಾಲೇಜಿಗೆ ಹೋದೆವು. ಪ್ರಾಚಾರ್ಯರ ಅನುಮತಿ ಪಡೆದು ಇತಿಹಾಸದ ತರಗತಿಯ ಹಿಂದಿನ ಬೆಂಚಿನಲ್ಲಿ ಅವನೂ ನಾನೂ ಕುಳಿತೆವು. ಅವನ ತಂದೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಹೊರಗೆ ಕಟ್ಟೆಯ ಮೇಲೆ ಕಾದರು. ಪಾಠದ ನಡುವೆ ಪ್ರಾಧ್ಯಾಪಕರು ಆದಿಲ್‌ಶಾಹಿಗಳ ಕಾಲದ ನೀರಿನ ವ್ಯವಸ್ಥೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರು. ತರಗತಿ ಸುಮ್ಮನಿತ್ತು. ಇನ್ನೂ ಹೆಸರು ಬರೆಸದ ಈ ಹುಡುಗ ಮೆಲ್ಲನೆ ಕೈ ಎತ್ತಿದ. ಅರ್ಧ ಸರಿ, ಅರ್ಧ ತಪ್ಪು ಉತ್ತರ. ಪ್ರಾಧ್ಯಾಪಕರು ನಗಲಿಲ್ಲ, ಸರಿಯಾದ ಅರ್ಧವನ್ನು ಹಿಡಿದು ತಪ್ಪಾದ ಅರ್ಧವನ್ನು ತಿದ್ದಿದರು. ಹೊರಗೆ ಬಂದಾಗ ಅವನು ತಂದೆಗೆ ಹೇಳಿದ್ದು ಇಷ್ಟೇ: "ಅಬ್ಬಾ, ಇಲ್ಲಿ ಓದ್ತೀನಿ."

ಅವನು ಈಗ ಓದುತ್ತಿದ್ದಾನೆ. ಮುಂದೇನಾಗುವುದೋ ಅಲ್ಲಾಹನೇ ಬಲ್ಲ. ಎಮ್ಮೆಗಳು ಮರಳಿ ಬಂದಿಲ್ಲ, ನೆಂಟರ ಸಾಲ ಪೂರ್ತಿ ತೀರಿಲ್ಲ. ನನ್ನ ಒಂದು ಅವಸರದ ಮಾತಿನ ಲೆಕ್ಕ ಇನ್ನೂ ಬಾಕಿಯಿದೆ.

ಆದ್ದರಿಂದ ಈ ವರ್ಷ ನಿಮ್ಮ ಮನೆಯ ಮಗುವಾಗಲಿ, ಪಕ್ಕದ ಮನೆಯ ಮಗುವಾಗಲಿ ಅಂಕಪಟ್ಟಿ ಹಿಡಿದು ಬಂದರೆ, ದಯವಿಟ್ಟು ಚಪ್ಪಲಿ ಬಿಚ್ಚಿಟ್ಟು ಕುಳಿತುಕೊಳ್ಳಿ. ಮೊದಲು ಆ ಮಗುವಿನ ಮಾತನ್ನು ಕೇಳಿ. ನಿಮಗೆ ತಿಳಿಯದಿದ್ದರೆ ತಿಳಿದವರ ಬಳಿಗೆ ಕೈಹಿಡಿದು ಕರೆದೊಯ್ಯಿರಿ.

ನಮ್ಮ ಮಕ್ಕಳಿಗೆ ಪ್ರಯೋಜನಕರ ವಿದ್ಯೆಯನ್ನೂ, ತಪ್ಪನ್ನು ತಿದ್ದುವ ಗುರುಗಳನ್ನೂ, ಆ ಗುರುಗಳ ಮುಂದೆ ಕುಳಿತುಕೊಳ್ಳುವ ತಾಳ್ಮೆಯನ್ನೂ ಅಲ್ಲಾಹನು ದಯಪಾಲಿಸಲಿ. ಪ್ರಯೋಜನವಿಲ್ಲದ ವಿದ್ಯೆಯಿಂದಲೂ, ಅಮಾನತ್ತು ಮರೆತು ಕೊಡುವ ಸಲಹೆಯಿಂದಲೂ ನಮ್ಮೆಲ್ಲರನ್ನು ಕಾಪಾಡಲಿ. ಆಮೀನ್.